ಯುವಕ ಸಂಘ ನಡೆಸಲು ವಾಟ್ಸಾಪ್, ಗೂಗಲ್ ಶೀಟ್, ಯುಪಿಐ: ಸಮಗ್ರ ಮಾರ್ಗದರ್ಶಿ

ಐವತ್ತು ಅರವತ್ತು ಜನರ ಯುವಕ ಸಂಘಕ್ಕೆ ಊರು ಯಾವುದಾದರೂ ಕೆಲಸ ಹೆಚ್ಚುಕಡಿಮೆ ಒಂದೇ: ಗಣೇಶೋತ್ಸವ, ವರ್ಷಕ್ಕೊಂದು ರಕ್ತದಾನ ಶಿಬಿರ, ಶಾಲೆಯ ಅಂಗಳದಲ್ಲಿ ಶ್ರಮದಾನ, ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯಾಟ, ನಡುವೆ ಯಾರದೋ ಆಸ್ಪತ್ರೆ ಖರ್ಚಿಗೆ ಚಂದಾ ಎತ್ತುವುದು. ಇದಕ್ಕೆ ಬೇಕಾದ ತಂತ್ರಜ್ಞಾನವೆಲ್ಲ ಸದಸ್ಯರ ಜೇಬಿನಲ್ಲೇ ಇದೆ. ಆದರೂ ಬಹಳಷ್ಟು ಸಂಘಗಳಲ್ಲಿ ಇರುವುದು ಒಂದೇ ವಾಟ್ಸಾಪ್ ಗುಂಪು. ಗುಡ್ ಮಾರ್ನಿಂಗ್ ಹೂವು, ಸಭೆಯ ನೋಟಿಸು, ಚಂದಾ ಲೆಕ್ಕ, ಕ್ರಿಕೆಟ್ ಸ್ಕೋರು ಎಲ್ಲ ಅದರಲ್ಲೇ. ಮೂರು ದಿನ ಬಿಟ್ಟು ಯಾರೋ ಕೇಳುತ್ತಾರೆ: "ಅಣ್ಣಾ, ಸಭೆ ಯಾವತ್ತು?"

ಹರಿದುಹೋಗುವ ಮಾತನ್ನೂ ಉಳಿಯಬೇಕಾದ ದಾಖಲೆಯನ್ನೂ ಒಂದೇ ಕಡೆ ಸುರಿದರೆ ಹೀಗೇ ಆಗುವುದು. ಈ ಬರಹ ಉದ್ದಕ್ಕೂ ಹಿಡಿಯುವ ದಾರಿ ಒಂದೇ: ಮಾತಿಗೆ ವಾಟ್ಸಾಪ್, ದಾಖಲೆಗೆ ಗೂಗಲ್ ಡ್ರೈವ್, ಹಣಕ್ಕೆ ಬ್ಯಾಂಕ್. ಒಂದರ ಕೆಲಸವನ್ನು ಇನ್ನೊಂದರಲ್ಲಿ ಮಾಡಬೇಡಿ. ಹಣ ಕೊಟ್ಟು ಕೊಳ್ಳುವ ಯಾವ ಸಾಫ್ಟ್‌ವೇರೂ ಬೇಡ.

ಮೊದಲು ಸಂಘದ ಹೆಸರಲ್ಲಿ ಒಂದು ಸಿಮ್, ಒಂದು ಜಿಮೇಲ್

ಕಾರ್ಯದರ್ಶಿಯ ಸ್ವಂತ ಜಿಮೇಲ್‌ನಲ್ಲಿ ಸಂಘದ ಪಟ್ಟಿ ಇಡುವುದು ಎಲ್ಲರೂ ಮಾಡುವ ಕೆಲಸ. ಆತನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟ ದಿನ ಸಂಘದ ನೆನಪೂ ಅವನ ಜೊತೆಗೇ ಹೊರಡುತ್ತದೆ. ಹಾಗಾಗಿ ಬೇರೆ ಎಲ್ಲಕ್ಕೂ ಮೊದಲು ಇದನ್ನು ಮಾಡಿ.

1. ಒಂದು ಹೊಸ ಸಿಮ್ ತೆಗೆದುಕೊಳ್ಳಿ. ಕೆವೈಸಿ ಒಬ್ಬರ ಹೆಸರಲ್ಲೇ ಆಗಬೇಕಾದ್ದರಿಂದ ಊರಲ್ಲೇ ನಿಲ್ಲುವವರ ಹೆಸರಲ್ಲಿ ಮಾಡಿಸಿ, ಯಾರ ಹೆಸರಲ್ಲಿದೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಎರಡು ಸಿಮ್ ಹಿಡಿಯುವ ಯಾರದಾದರೂ ಫೋನಿಗೆ ಹಾಕಿದರಾಯಿತು, ಹೊಸ ಫೋನು ಬೇಡ.

2. ಆ ನಂಬರಿನಿಂದ ಸಂಘದ ಹೆಸರಿನ ಜಿಮೇಲ್ ತೆರೆಯಿರಿ. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿದ ಮೇಲೆ ಅದೇ ಪುಟದಲ್ಲಿ ಬ್ಯಾಕಪ್ ಕೋಡ್‌ಗಳು ಸಿಗುತ್ತವೆ: ಹತ್ತು ಕೋಡು, ಒಂದೊಂದೂ 8 ಅಂಕಿ, ಪ್ರತಿಯೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಪ್ರಿಂಟ್ ತೆಗೆದು ಲಕೋಟೆಯಲ್ಲಿ ಹಾಕಿ ಖಜಾಂಚಿಯ ಬೀರುವಿನಲ್ಲಿಡಿ. ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಹಾಗೆ ಹಾಕುವವರೂ ಇದ್ದಾರೆ.

3. ಅದೇ ನಂಬರಿನಲ್ಲಿ ವಾಟ್ಸಾಪ್ ಶುರುಮಾಡಿ, ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ 6 ಅಂಕಿಯ ಟೂ ಸ್ಟೆಪ್ ಪಿನ್ ಹಾಕಿ, ಮರುಪಡೆಯಲು ಸಂಘದ ಜಿಮೇಲ್ ಕೊಡಿ. ಈ ಪಿನ್ ಇಲ್ಲದಿದ್ದರೆ ಒಂದು ಓಟಿಪಿ ಕೈತಪ್ಪಿದರೆ ಸಾಕು, ಸಂಘದ ಹೆಸರಲ್ಲೇ ಊರೆಲ್ಲ "ಅರ್ಜೆಂಟ್ ಐದು ಸಾವಿರ ಬೇಕು" ಎಂಬ ಸಂದೇಶ ಹೋಗುತ್ತದೆ.

ಸಿಮ್ಮಿಗೆ ರೀಚಾರ್ಜ್ ಮರೆಯುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪನಿ ಕಡಿದು ಬೇರೆಯವರಿಗೆ ಕೊಡುತ್ತದೆ. ಆಮೇಲೆ ಸಂಘದ ಓಟಿಪಿಗಳೆಲ್ಲ ಗುರುತಿಲ್ಲದವರಿಗೆ ಹೋಗುತ್ತವೆ. ರೀಚಾರ್ಜ್ ಖರ್ಚನ್ನು ವಾರ್ಷಿಕ ಬಜೆಟ್‌ನಲ್ಲೇ ಒಂದು ಸಾಲಾಗಿ ಬರೆಯಿರಿ. ಗೂಗಲ್ ಖಾತೆಯೂ ಅಷ್ಟೇ: ಎರಡು ವರ್ಷ ಯಾರೂ ಮುಟ್ಟದಿದ್ದರೆ ಅಳಿಸುವ ಅಧಿಕಾರ ಗೂಗಲ್‌ಗಿದೆ.

ಸದಸ್ಯರ ಪಟ್ಟಿ

ಪಟ್ಟಿಯನ್ನು ವಾಟ್ಸಾಪ್‌ನಲ್ಲಿ "ನಿಮ್ಮ ಹೆಸರು ಸೇರಿಸಿ ಮುಂದಕ್ಕೆ ಕಳಿಸಿ" ಎಂದು ಮಾಡಿದರೆ ಇಬ್ಬರು ಏಕಕಾಲಕ್ಕೆ ನಕಲು ಮಾಡಿ ಅಂಟಿಸಿದಾಗ ಒಬ್ಬರ ಹೆಸರು ಮಾಯವಾಗುತ್ತದೆ. ಗೂಗಲ್ ಫಾರ್ಮ್ ಬಳಸಿ.

ಪ್ರಶ್ನೆಗಳು ಎಂಟಕ್ಕಿಂತ ಹೆಚ್ಚಾಗಬಾರದು: ಹೆಸರು, ಮನೆಯ ಹೆಸರು ಅಥವಾ ಕೇರಿ, ಹುಟ್ಟಿದ ದಿನಾಂಕ, ಫೋನ್ ನಂಬರ್, ವಾಟ್ಸಾಪ್ ನಂಬರ್ ಬೇರೆ ಇದ್ದರೆ ಅದು, ರಕ್ತದ ಗುಂಪು, ಈಗ ಇರುವ ಊರು, ಮಾಡಬಲ್ಲ ಕೆಲಸ. ಕೊನೆಯದಕ್ಕೆ ಚೆಕ್‌ಬಾಕ್ಸ್ ಕೊಡಿ: ಮೈಕ್ ಮತ್ತು ಲೈಟು, ಅಡುಗೆ, ಡ್ರೈವಿಂಗ್, ನಿರೂಪಣೆ, ಕನ್ನಡ ಟೈಪಿಂಗ್, ಪ್ರಥಮ ಚಿಕಿತ್ಸೆ. ಆರು ತಿಂಗಳ ನಂತರ ಅತಿ ಹೆಚ್ಚು ತೆಗೆದು ನೋಡುವ ಕಾಲಂ ಇದೇ. ಆಧಾರ್ ನಂಬರ್ ಕೇಳಬೇಡಿ. ಸಂಘಕ್ಕೆ ಅದರಿಂದ ಕೆಲಸವಿಲ್ಲ, ಸೋರಿದರೆ ಮಾತ್ರ ತಲೆನೋವು.

ಫೋನ್ ನಂಬರ್ ಪ್ರಶ್ನೆಯ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ, ರೆಸ್ಪಾನ್ಸ್ ವ್ಯಾಲಿಡೇಶನ್‌ನಲ್ಲಿ "ನಂಬರ್", ನಂತರ "ಬಿಟ್ವೀನ್" ಆರಿಸಿ, 6000000000 ಮತ್ತು 9999999999 ಎಂದು ತುಂಬಿ. ಒಂಬತ್ತು ಅಂಕಿ ಒತ್ತಿದವರಿಗೂ 91 ಸೇರಿಸಿ ಹನ್ನೆರಡು ಮಾಡಿದವರಿಗೂ ಫಾರ್ಮ್ ಅಲ್ಲೇ ತಡೆ ಹಾಕುತ್ತದೆ. ಕೆಳಗೆ "ಇಂಗ್ಲಿಷ್ ಅಂಕಿಯಲ್ಲಿ ಹತ್ತೇ ಅಂಕಿ, ಮುಂದೆ 91 ಬೇಡ" ಎಂಬ ಸೂಚನೆ ಬರೆಯಿರಿ. ಗಲ್ಫ್‌ನಲ್ಲಿರುವ ಸದಸ್ಯರಿದ್ದರೆ ಅವರ ನಂಬರಿಗೆ ಬೇರೆಯೇ ಪ್ರಶ್ನೆ ಇಡಿ.

ರಕ್ತದ ಗುಂಪಿಗೆ ಎಂಟು ಆಯ್ಕೆಗಳ ಜೊತೆ "ಗೊತ್ತಿಲ್ಲ" ಎಂಬುದು ಇರಲೇಬೇಕು. ಇಲ್ಲದಿದ್ದರೆ ಜನ ಅಂದಾಜಿನ ಮೇಲೆ ಒತ್ತುತ್ತಾರೆ, ತುರ್ತಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಬೇರೆ ಗುಂಪು ಎಂದು ಗೊತ್ತಾಗುತ್ತದೆ.

"ಒಬ್ಬರಿಗೆ ಒಂದೇ ಉತ್ತರ" ಎಂಬ ಸೆಟ್ಟಿಂಗ್ ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಅದು ಗೂಗಲ್ ಖಾತೆಗೆ ಲಾಗಿನ್ ಆಗಲು ಕೇಳುತ್ತದೆ. ಪಾಸ್‌ವರ್ಡ್ ನೆನಪಿಲ್ಲದ ಅರ್ಧ ಊರು ಅಲ್ಲೇ ನಿಲ್ಲುತ್ತದೆ. ಫೋಟೊ ಅಪ್‌ಲೋಡ್ ಪ್ರಶ್ನೆಗೂ ಇದೇ ತೊಡಕು. ಎರಡೆರಡು ಸಲ ತುಂಬಿದವರನ್ನು ನೀವೇ ಫೋನ್ ನಂಬರ್ ನೋಡಿ ತೆಗೆಯುವುದು ಸುಲಭ.

ಉತ್ತರಗಳನ್ನು ಗೂಗಲ್ ಶೀಟ್‌ಗೆ ಜೋಡಿಸಿದ ಕೂಡಲೇ ಮಾಡಬೇಕಾದ ಎರಡು ಕೆಲಸಗಳಿವೆ. ಒಂದು, ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಇಂಡಿಯಾ ಮಾಡಿ. ಅದು ಅಮೆರಿಕ ಎಂದು ಉಳಿದರೆ ನೀವು 05/08 ಎಂದು ಬರೆದ ಆಗಸ್ಟ್ 5 ಅದರ ಲೆಕ್ಕದಲ್ಲಿ ಮೇ 8. 25/08 ಬರೆದರೆ ಅದು ದಿನಾಂಕವೇ ಅಲ್ಲ ಎಂದು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ವಯಸ್ಸಿನ ಲೆಕ್ಕ, ರಕ್ತದಾನದ ಲೆಕ್ಕ ಎರಡೂ ಕೆಡುವುದು ಇಲ್ಲಿಂದಲೇ. ಎರಡು, ಮೊದಲ ಸಾಲನ್ನು ಫ್ರೀಜ್ ಮಾಡಿ. ಇನ್ನು, ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಬೇಡಿ. ಹೆಸರುಗಳು ಅಕಾರಾದಿಯಾಗುತ್ತವೆ, ನಂಬರುಗಳು ಇದ್ದಲ್ಲೇ ಉಳಿಯುತ್ತವೆ, ಆಮೇಲೆ ಒಬ್ಬರ ಹೆಸರಿಗೆ ಇನ್ನೊಬ್ಬರ ಫೋನು ರಿಂಗಾಗುತ್ತದೆ. ಹೀಗಾದರೆ ಗಾಬರಿ ಬೇಡ. ಫೈಲ್ ಮೆನುವಿನಲ್ಲಿ ವರ್ಶನ್ ಹಿಸ್ಟರಿ ತೆರೆದು ಹಿಂದಿನ ಪ್ರತಿಗೆ ಮರಳಬಹುದು.

ಶೀಟನ್ನು ತಿದ್ದುವ ಹಕ್ಕು ಇಬ್ಬರಿಗೆ ಸಾಕು, ನೋಡುವ ಹಕ್ಕು ಸಮಿತಿಗೆ. "ಲಿಂಕ್ ಇರುವ ಯಾರು ಬೇಕಾದರೂ" ಎಂಬ ಆಯ್ಕೆ ಯಾವತ್ತೂ ಬೇಡ. ಆ ಪಟ್ಟಿಯಲ್ಲಿ ಹುಡುಗಿಯರ ನಂಬರುಗಳಿವೆ.

ವಾಟ್ಸಾಪ್: ಮೂರು ಗುಂಪು, ಮೂರು ಕೆಲಸ

ಒಂದು ಗುಂಪಿನಲ್ಲಿ 1024 ಜನರವರೆಗೆ ಸೇರಿಸಬಹುದು, ಹಾಗಾಗಿ ಜಾಗದ ಕೊರತೆಯಿಲ್ಲ. ಬೇರೆ ಬೇರೆ ಮಾಡುವುದು ಗದ್ದಲ ತಪ್ಪಿಸಲಿಕ್ಕೆ.

ಪ್ರಕಟಣೆ ಗುಂಪು: ಅಡ್ಮಿನ್‌ಗಳು ಮಾತ್ರ ಬರೆಯುವುದು. ಎಲ್ಲ ಸದಸ್ಯರೂ ಇದರಲ್ಲಿ ಇರಲೇಬೇಕು, ವಾರಕ್ಕೆ ಎರಡು ಮೂರು ಸಂದೇಶ ದಾಟಬಾರದು. ಮ್ಯೂಟ್ ಮಾಡಬೇಡಿ ಎಂದು ಕೇಳಿಕೊಳ್ಳಬಹುದಾದ ಏಕೈಕ ಗುಂಪು ಇದು. ಆ ಮರ್ಯಾದೆ ಉಳಿಸಿಕೊಳ್ಳಬೇಕಾದರೆ ಹುಟ್ಟುಹಬ್ಬದ ಶುಭಾಶಯವೂ ಇಲ್ಲಿ ಬರಕೂಡದು.

ಮಾತುಕತೆ ಗುಂಪು: ಹರಟೆ, ಫೋಟೊ, ಕ್ರಿಕೆಟ್, ಶುಭಾಶಯ ಎಲ್ಲ. ಇಷ್ಟವಿದ್ದವರು ಇರಲಿ. ಡಿಸಪಿಯರಿಂಗ್ ಮೆಸೇಜಸ್ ಅನ್ನು 7 ದಿನಕ್ಕೆ ಇಟ್ಟರೆ ಹಳೆಯದು ತಾನಾಗಿ ಅಳಿಯುತ್ತದೆ. ಹರಟೆಗೊಂದು ಜಾಗ ಕೊಡದೆ ಬರೀ ಶಿಸ್ತು ಹೇರಿದರೆ ಜನ ಬೇರೆ ಗುಂಪು ಮಾಡಿಕೊಳ್ಳುತ್ತಾರೆ, ಸಂಘ ಎರಡಾಗುವುದು ಎಷ್ಟೋ ಸಲ ಹೀಗೇ.

ಸಮಿತಿ ಗುಂಪು: ಏಳರಿಂದ ಹನ್ನೊಂದು ಜನ. ಇಲ್ಲಿ ಡಿಸಪಿಯರಿಂಗ್ ಬೇಡ.

ಇವಲ್ಲದೆ ಪ್ರತಿ ಕಾರ್ಯಕ್ರಮಕ್ಕೂ ಒಂದು ತಾತ್ಕಾಲಿಕ ಗುಂಪು ಮಾಡಿ, ಹೆಸರಿನಲ್ಲೇ ವರ್ಷ ಹಾಕಿ: "ಗಣೇಶೋತ್ಸವ 2026 ಕೆಲಸ". ಲೆಕ್ಕ ಮಂಡಿಸಿದ ವಾರಕ್ಕೆ ಅದನ್ನು ಮುಚ್ಚಿ.

ನಾಲ್ಕನ್ನೂ ಒಂದೇ ಸೂರಿನಡಿ ತರಲು ವಾಟ್ಸಾಪ್‌ನ ಕಮ್ಯುನಿಟಿ ಸೌಲಭ್ಯವಿದೆ. ಅದರ ನಿಜವಾದ ಉಪಯೋಗ ಬೇರೆ: ಕಮ್ಯುನಿಟಿಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರು ಅಡ್ಮಿನ್‌ಗಳಿಗೆ ಮತ್ತು ಅದನ್ನು ಮೊದಲೇ ಸೇವ್ ಮಾಡಿಕೊಂಡವರಿಗೆ ಮಾತ್ರ ಕಾಣುತ್ತದೆ. ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಬಯಲು. ಯುವತಿಯರು ಸಂಘಕ್ಕೆ ಸೇರಿಯೂ ಗುಂಪಿಗೆ ಬರಲು ಹಿಂಜರಿಯುತ್ತಾರೆ ಎಂದರೆ ಕಾರಣ ಬಹುಪಾಲು ಇದೇ. ರಾತ್ರಿ ಹತ್ತಕ್ಕೆ ಬರುವ "ಹಾಯ್" ಯಾರಿಗೂ ಬೇಕಿಲ್ಲ. ಅವರನ್ನು ಪ್ರಕಟಣೆ ಗುಂಪಿಗಷ್ಟೇ ಸೇರಿಸಿ, ಉಳಿದದ್ದು ಅವರ ಇಚ್ಛೆ.

ಗುಂಪು ಮಾಡಿದ ತಕ್ಷಣ ಗ್ರೂಪ್ ಪರ್ಮಿಷನ್ಸ್ ತೆರೆಯಿರಿ. ಗುಂಪಿನ ಹೆಸರು, ಚಿತ್ರ ಬದಲಿಸುವುದು ಅಡ್ಮಿನ್‌ಗಳಿಗೆ ಮಾತ್ರ; ಹೊಸಬರನ್ನು ಸೇರಿಸುವುದು ಅಡ್ಮಿನ್‌ಗಳಿಗೆ ಮಾತ್ರ; ಹೊಸ ಸದಸ್ಯರಿಗೆ ಒಪ್ಪಿಗೆ ಬೇಕು ಎಂಬುದು ಆನ್. ಸಂಘದ ಸಿಮ್ ಸೇರಿ ಅಡ್ಮಿನ್‌ಗಳು ಮೂವರು ಇರಲಿ. ಒಬ್ಬರೇ ಇದ್ದು ಅವರು ಸಿಟ್ಟಿನಲ್ಲಿ ಹೊರಬಿದ್ದರೆ ವಾಟ್ಸಾಪ್ ತನಗೆ ತೋಚಿದ ಸದಸ್ಯರೊಬ್ಬರನ್ನು ಅಡ್ಮಿನ್ ಮಾಡಿಬಿಡುತ್ತದೆ. ಹತ್ತು ಜನ ಅಡ್ಮಿನ್ ಆದರೆ ಒಬ್ಬರು ತೆಗೆದವರನ್ನು ಇನ್ನೊಬ್ಬರು ಸೇರಿಸುತ್ತಾರೆ. ಇನ್ವೈಟ್ ಲಿಂಕನ್ನು ಫೇಸ್‌ಬುಕ್ಕಿಗೂ ಬ್ಯಾನರಿಗೂ ಹಾಕಬೇಡಿ. ಹಾಕಿದ್ದರೆ ರಿಸೆಟ್ ಲಿಂಕ್ ಒತ್ತಿ, ಹಳೆಯದು ಸತ್ತುಹೋಗುತ್ತದೆ.

ಗುಂಪಿನ ವಿವರಣೆಯಲ್ಲಿ ಕಾರ್ಯದರ್ಶಿ, ಖಜಾಂಚಿಗಳ ಹೆಸರು, ಸದಸ್ಯತ್ವ ಫಾರ್ಮ್‌ನ ಲಿಂಕು, ತಿಂಗಳ ಸಭೆಯ ವಾರ ಮತ್ತು ವೇಳೆ ಬರೆದಿಡಿ. ಮುಖ್ಯ ಸಂದೇಶವನ್ನು ಪಿನ್ ಮಾಡಿ. ಪಿನ್ 24 ಗಂಟೆ, 7 ದಿನ ಅಥವಾ 30 ದಿನ ನಿಲ್ಲುತ್ತದೆ, ಏಕಕಾಲಕ್ಕೆ ಮೂರು ಸಾಧ್ಯ.

ಬ್ರಾಡ್‌ಕಾಸ್ಟ್ ಲಿಸ್ಟ್ ಮೇಲೆ ನಂಬಿಕೆ ಇಡಬೇಡಿ. 256 ಜನರಿಗೆ ಒಮ್ಮೆಗೇ ಕಳಿಸಬಹುದು ನಿಜ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ತಲುಪದವರ ಹೆಸರನ್ನು ಅದು ಹೇಳುವುದೂ ಇಲ್ಲ.

ಸಂದೇಶ ಬರೆಯುವ ರೀತಿ

ಸಾಮಾನ್ಯವಾಗಿ ಹೋಗುವ ಸಂದೇಶ ಹೀಗಿರುತ್ತದೆ: "ನಾಳೆ ಶಾಲೆ ಹತ್ರ ಕೆಲಸ ಇದೆ, ಎಲ್ರೂ ತಪ್ಪದೇ ಬನ್ನಿ." ರಾತ್ರಿ ಹನ್ನೊಂದಕ್ಕೆ ಹಾಕಿದ್ದನ್ನು ಬೆಳಗ್ಗೆ ಏಳಕ್ಕೆ ಓದಿದವರಿಗೆ "ನಾಳೆ" ಎಂದರೆ ಮರುದಿನ. "ಎಲ್ರೂ" ಎಂದರೆ ಯಾರೂ ಅಲ್ಲ. ಅದನ್ನೇ ಹೀಗೆ ಬರೆಯಿರಿ:

"ಶ್ರಮದಾನ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಭಾನುವಾರ, ಜೂನ್ 14, ಬೆಳಗ್ಗೆ 7ರಿಂದ 10. ಸೇರುವ ಜಾಗ ಹಿಂದಿನ ಗೇಟು. ಕತ್ತಿ ಇದ್ದವರು ಕತ್ತಿ ತನ್ನಿ, ಉಳಿದವರು ಹಾರೆ ಅಥವಾ ಬುಟ್ಟಿ. ತಿಂಡಿ ಸಂಘದ್ದು. ಬರುವವರು ಶುಕ್ರವಾರ ರಾತ್ರಿ 9ರೊಳಗೆ ಕೆಳಗಿನ ಪೋಲ್‌ನಲ್ಲಿ ಒತ್ತಿ, ಇಡ್ಲಿ ಎಷ್ಟು ಹೇಳಬೇಕು ಎಂದು ಗೊತ್ತಾಗಬೇಕು."

ವಾರ, ದಿನಾಂಕ, ವೇಳೆ, ಜಾಗ, ತರಬೇಕಾದ್ದು, ಉತ್ತರಕ್ಕೆ ಗಡುವು. ಗಡುವಿಗೆ ಕಾರಣ ಹೇಳಿದರೆ ಜನ ಒತ್ತುತ್ತಾರೆ. ಸುಮ್ಮನೆ "ತಿಳಿಸಿ" ಎಂದರೆ ಥಂಬ್ಸ್ ಅಪ್ ಬರುತ್ತದೆ, ಅದು ಬರುತ್ತೇನೆ ಎಂದೋ ಓದಿದೆ ಎಂದೋ ಯಾರಿಗೂ ಗೊತ್ತಿಲ್ಲ. ಪೋಲ್‌ನಲ್ಲಿ 12 ಆಯ್ಕೆಗಳವರೆಗೆ ಇಡಬಹುದು. ಹಾಜರಿಗೆ ಮೂರು ಸಾಕು: ಬರುತ್ತೇನೆ, ಬರುವುದಿಲ್ಲ, ಗುರುವಾರ ಹೇಳುತ್ತೇನೆ. ಒಂದಕ್ಕಿಂತ ಹೆಚ್ಚು ಉತ್ತರ ಒತ್ತುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಬರುತ್ತೇನೆ, ಬರುವುದಿಲ್ಲ ಎರಡನ್ನೂ ಒತ್ತುವ ಮಹಾನುಭಾವರು ಸಿಗುತ್ತಾರೆ.

ಬರೀ ಪೋಸ್ಟರ್ ಹಾಕಿ ಸುಮ್ಮನಾಗಬೇಡಿ. ಚಿತ್ರದೊಳಗಿನ ದಿನಾಂಕ ವಾಟ್ಸಾಪ್‌ನ ಹುಡುಕಾಟಕ್ಕೆ ಸಿಗದು, ಆಟೋ ಡೌನ್‌ಲೋಡ್ ಬಂದ್ ಮಾಡಿಕೊಂಡವರಿಗೆ ಮಸುಕು ಚೌಕವಷ್ಟೇ ಕಾಣುತ್ತದೆ, ವೇಳೆ ಬದಲಾದರೆ ಹಳೆಯ ಪೋಸ್ಟರ್ ಊರೂರು ಸುತ್ತುತ್ತಲೇ ಇರುತ್ತದೆ. ಪೋಸ್ಟರ್ ಜೊತೆಗೆ ಅದೇ ವಿವರ ಅಕ್ಷರದಲ್ಲೂ ಇರಲಿ. ಕಳಿಸಿದ ಸಂದೇಶ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಅದು ದಾಟಿದರೆ ಹಳೆಯದನ್ನು ಎಲ್ಲರಿಗೂ ಅಳಿಸಿ, "ವೇಳೆ ಬದಲಾಗಿದೆ" ಎಂದು ಶುರುವಾಗುವ ಹೊಸ ಸಂದೇಶ ಹಾಕಿ.

ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ನೋಟಿಸನ್ನು ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆ ಫಾಂಟು ಯುನಿಕೋಡ್ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ್ದೇ ಕಾರಣ. ಟೈಪ್ ಮಾಡಿಸುವಾಗಲೇ ಯುನಿಕೋಡ್‌ನಲ್ಲಿ ಮಾಡಿ ಎಂದು ಹೇಳಿ, ಅಥವಾ ಪಿಡಿಎಫ್ ತೆಗೆದುಕೊಳ್ಳಿ. ಫೋನಿನಲ್ಲೇ ಬರೆಯುವವರಿಗೆ ಜಿಬೋರ್ಡ್‌ನ ಕನ್ನಡ ಧ್ವನಿ ಟೈಪಿಂಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಊರ ಹೆಸರು, ಮನೆತನದ ಹೆಸರುಗಳನ್ನು ಮಾತ್ರ ಕಳಿಸುವ ಮೊದಲು ಒಮ್ಮೆ ನೋಡಿ.

ಸ್ಮಾರ್ಟ್‌ಫೋನ್ ಇಲ್ಲದವರು, ನೆಟ್‌ವರ್ಕ್ ಇಲ್ಲದ ಮನೆಗಳು

ಮಲೆನಾಡಿನ ಎಷ್ಟೋ ಮನೆಗಳಲ್ಲಿ ವಾಟ್ಸಾಪ್ ನೋಡಲು ದರೆ ಹತ್ತಬೇಕು. ಎಲ್ಲರಿಗೂ ಒಮ್ಮೆಗೇ ಎಸ್ಸೆಮ್ಮೆಸ್ ಕಳಿಸುವ ಬಲ್ಕ್ ಸೇವೆ ಸಣ್ಣ ಸಂಘಕ್ಕೆ ಹೊಂದುವುದಿಲ್ಲ. ಭಾರತದಲ್ಲಿ ಅದಕ್ಕೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ಒಪ್ಪಿಸಬೇಕು. ಸ್ವಂತ ಫೋನಿನಿಂದ ಕಳಿಸುವುದಾದರೆ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರವಷ್ಟೇ ಹಿಡಿಯುತ್ತದೆ. ಇಂಗ್ಲಿಷ್‌ನಲ್ಲಿ 160.

ಕರೆ ಸರಪಳಿಯೇ ಸರಿ. ಅರವತ್ತು ಸದಸ್ಯರಿದ್ದರೆ ಆರು ಜನರಿಗೆ ಹತ್ತತ್ತು ಹೆಸರು, ಕೇರಿವಾರು ಹಂಚಿ. ಶೀಟ್‌ನಲ್ಲಿ "ಕರೆ ಮಾಡುವವರು" ಎಂಬ ಕಾಲಂ ಸೇರಿಸಿ. ಕಾರ್ಯಕ್ರಮದ ಹಿಂದಿನ ಸಂಜೆ ಏಳರಿಂದ ಎಂಟೂವರೆಯೊಳಗೆ ಕರೆ ಮುಗಿಸಿ, ಕಾರ್ಯದರ್ಶಿಗೆ ಒಂದೇ ಸಾಲಿನ ವರದಿ: "ಏಳು ಹೌದು, ಎರಡು ಇಲ್ಲ, ಒಂದು ಸಿಗಲಿಲ್ಲ." ಪೋಲ್‌ನಲ್ಲಿ "ಬರುತ್ತೇನೆ" ಒತ್ತಿದವರಿಗೂ ಕರೆ ಹೋಗಬೇಕು. ಬೆರಳಲ್ಲಿ ಒತ್ತಿದ್ದಕ್ಕಿಂತ ಬಾಯಲ್ಲಿ ಹೇಳಿದ್ದು ಹೆಚ್ಚು ಗಟ್ಟಿ.

ಆನ್‌ಲೈನ್ ಸಭೆ

ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿರುವವರನ್ನು ಸೇರಿಸಿಕೊಳ್ಳಲು ಇದು ಬೇಕು. ಉಚಿತ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ, ಉಚಿತ ಝೂಮ್‌ನಲ್ಲಿ 40 ನಿಮಿಷ. ಎರಡರಲ್ಲೂ ನೂರು ಜನರಿಗೆ ಜಾಗ. ಮೀಟ್ ಬಳಸಿ, ಸಭೆಯನ್ನು 45 ನಿಮಿಷಕ್ಕೆ ಯೋಜಿಸಿ. ರಾತ್ರಿ ಎಂಟೂವರೆ ಊರಿಗೆ ಅನುಕೂಲ ಎನಿಸಿದರೂ ದುಬೈಯಲ್ಲಿ ಆಗ ಏಳು, ಕತಾರ್, ಕುವೈತ್, ಸೌದಿಯಲ್ಲಿ ಆರು ಗಂಟೆ. ಹಲವರು ಕೆಲಸದಿಂದ ಹೊರಟೇ ಇರುವುದಿಲ್ಲ. ಒಂಬತ್ತೂವರೆ ಇಬ್ಬರಿಗೂ ಆಗುವ ವೇಳೆ.

ಊರಲ್ಲಿ ಹದಿನೈದು ಜನ ಒಂದೇ ಕೋಣೆಯಲ್ಲಿ ಕೂತು ಹೊರಗಿನವರು ಫೋನಿನಲ್ಲಿ ಸೇರಿದಾಗ ಕಿವಿ ಹರಿಯುವ ಕೂಗು ಬರುತ್ತದೆ. ಒಂದೇ ಕೋಣೆಯಲ್ಲಿ ಎರಡು ಫೋನು ಸಭೆಗೆ ಸೇರಿರುವುದೇ ಕಾರಣ. ಒಂದನ್ನು ಮಾತ್ರ ಸೇರಿಸಿ, ನಡುವೆ ಮೇಜಿನ ಮೇಲಿಡಿ, ಫ್ಯಾನು ನಿಲ್ಲಿಸಿ, ಮಾತಾಡುವವರು ಹತ್ತಿರ ಬಂದು ಮಾತಾಡಲಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಅದು ಬರೀ ಕೇಳಲಿಕ್ಕೆ. ಅದರ ಮೈಕ್ ದೂರದವರ ಮಾತು ಹಿಡಿಯುವುದಿಲ್ಲ.

ಠರಾವು ಮಾತ್ರ ನಡಾವಳಿ ಪುಸ್ತಕದಲ್ಲಿ ಕೈಯಲ್ಲೇ ಬರೆದು ಸಹಿ ಆಗಲಿ. ಬ್ಯಾಂಕಿನವರೂ ನೋಂದಣಿ ಕಚೇರಿಯವರೂ ಕೇಳುವುದು ಅದನ್ನೇ. ಆ ಪುಟದ ಸ್ಕ್ಯಾನನ್ನು ಅದೇ ರಾತ್ರಿ ಡ್ರೈವ್‌ಗೆ ಹಾಕಿ, ಫೈಲಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ: "2026-06-14 ಸಮಿತಿ ಸಭೆ". ಹೀಗಿಟ್ಟರೆ ಫೋಲ್ಡರಿನಲ್ಲಿ ಕಾಲಾನುಕ್ರಮ ತಾನಾಗಿ ಬರುತ್ತದೆ.

ಹಣ

ಸಂಘಗಳು ಒಡೆಯುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ಚಂದಾವನ್ನು ಯಾರದೇ ಸ್ವಂತ ಫೋನ್‌ಪೇ, ಗೂಗಲ್‌ಪೇ ನಂಬರಿಗೆ ಹಾಕಿಸಿಕೊಳ್ಳಬೇಡಿ. ಆತ ಎಷ್ಟೇ ಪ್ರಾಮಾಣಿಕನಾದರೂ ಸಂಘದ ಹಣ, ಮನೆಯ ಹಾಲಿನ ಹಣ ಒಂದೇ ಪಾಸ್‌ಬುಕ್ಕಿನಲ್ಲಿ ಕಲೆತ ಮೇಲೆ ಲೆಕ್ಕ ಕೊಡುವುದು ಅವನಿಗೇ ಕಷ್ಟ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ನೋಂದಣಿ ಪತ್ರ, ಬೈಲಾ, ಸಂಘದ ಪ್ಯಾನ್, ಖಾತೆ ತೆರೆಯುವ ಠರಾವು, ಪದಾಧಿಕಾರಿಗಳ ಕೆವೈಸಿ ಹಿಡಿದು ಬ್ಯಾಂಕಿಗೆ ಹೋಗಿ. ಇಬ್ಬರ ಸಹಿ ಕಡ್ಡಾಯವಿರುವ ಖಾತೆಗೆ ಸಾಮಾನ್ಯವಾಗಿ ಫೋನಿನಿಂದ ಹಣ ಕಳಿಸುವ ಯುಪಿಐ ಕೊಡುವುದಿಲ್ಲ. ಅದು ಒಳ್ಳೆಯದೇ. ಹಣ ಬರಲು ಬ್ಯಾಂಕಿನಿಂದ ಕ್ಯೂಆರ್ ಕೋಡ್ ಕೇಳಿ ಪಡೆಯಿರಿ, ಹೋಗುವುದು ಚೆಕ್ಕಿನಲ್ಲೇ ಹೋಗಲಿ.

ಕ್ಯೂಆರ್ ಬಂದ ಮೇಲೆ ಒಂದು ರೂಪಾಯಿ ಹಾಕಿ, ಸ್ಕ್ಯಾನ್ ಮಾಡಿದಾಗ ಕಾಣುವ ಹೆಸರು ಸಂಘದ್ದೇ ಎಂದು ನೋಡಿ. ಪೆಂಡಾಲಿನಲ್ಲಿ ಅಂಟಿಸಿದ ಕೋಡಿನ ಮೇಲೆ ಬೇರೆಯವರ ಕೋಡು ಅಂಟಿಸಿ ಹೋಗುವ ಮೋಸವಿದೆ. ದಿನಕ್ಕೆರಡು ಸಲ ಯಾರಾದರೂ ಸ್ಕ್ಯಾನ್ ಮಾಡಿ ಹೆಸರು ನೋಡಲಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದನ್ನು ಕೌಂಟರಿನಲ್ಲಿ ಕೂರುವ ಹುಡುಗರಿಗೆ ಹೇಳಿಕೊಡಿ.

ಸ್ಕ್ರೀನ್‌ಶಾಟ್ ನೋಡಿ ರಶೀದಿ ಹರಿಯಬೇಡಿ. ನಕಲಿ ಸ್ಕ್ರೀನ್‌ಶಾಟ್ ತಯಾರಿಸುವ ಆಪ್‌ಗಳೇ ಇವೆ. ಶೀಟ್‌ನಲ್ಲಿ ದಿನಾಂಕ, ಹೆಸರು, ಮೊತ್ತ, ನಗದೋ ಯುಪಿಐಯೋ, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್, ರಶೀದಿ ನಂಬರ್ ಬರೆಯಿರಿ. ರೆಫರೆನ್ಸ್ ನಂಬರಿನ ಕಾಲಂ ಅನ್ನು ಮೊದಲೇ ಪ್ಲೇನ್ ಟೆಕ್ಸ್ಟ್ ಮಾಡಿಡಿ, ಇಲ್ಲದಿದ್ದರೆ ಸೊನ್ನೆಯಿಂದ ಶುರುವಾಗುವ ನಂಬರಿನ ಮುಂದಿನ ಸೊನ್ನೆ ಉದುರುತ್ತದೆ. ಕಾರ್ಯಕ್ರಮದ ದಿನಗಳಲ್ಲಿ ರಾತ್ರಿ ಖಜಾಂಚಿಯೂ ಇನ್ನೊಬ್ಬರೂ ಕೂತು ಶೀಟಿನ ಮೊತ್ತ, ಬ್ಯಾಂಕಿನ ಮೊತ್ತ, ಪೆಟ್ಟಿಗೆಯ ನಗದು ತಾಳೆ ನೋಡಲಿ. ಮುಗಿದ ಹದಿನೈದು ದಿನದೊಳಗೆ ಜಮಾ ಖರ್ಚನ್ನು ಒಂದು ಪುಟದ ಪಿಡಿಎಫ್ ಮಾಡಿ ಪ್ರಕಟಣೆ ಗುಂಪಿಗೆ ಹಾಕಿ, ಪ್ರಿಂಟನ್ನು ನೋಟಿಸ್ ಬೋರ್ಡಿಗೂ ಅಂಟಿಸಿ.

ಒಂದು ರಕ್ತದಾನ ಶಿಬಿರ, ಎಲ್ಲ ಜೋಡಿಸಿದಾಗ

ಶಿಬಿರವನ್ನು ಪರವಾನಗಿ ಇರುವ ರಕ್ತನಿಧಿಯೇ ನಡೆಸಬೇಕು. ಸಂಘದ ಪಾಲಿಗೆ ಬರುವುದು ದಾನಿಗಳು, ಜಾಗ, ವ್ಯವಸ್ಥೆ. ದಾನಿಯ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ, ಹಿಂದಿನ ದಾನದಿಂದ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಸದಸ್ಯರ ಶೀಟ್‌ನಲ್ಲಿ "ಕೊನೆಯ ದಾನ" ಎಂಬ ಕಾಲಂ ಇಟ್ಟು, ಪಕ್ಕದಲ್ಲಿ ಅದಕ್ಕೆ 90 ಅಥವಾ 120 ಕೂಡಿಸುವ ಸೂತ್ರ ಹಾಕಿದರೆ ಮತ್ತೆ ಯಾವತ್ತು ಕೊಡಬಹುದು ಎಂಬ ದಿನಾಂಕ ಬರುತ್ತದೆ. ತುರ್ತು ಕರೆ ಬಂದಾಗ ರಕ್ತದ ಗುಂಪನ್ನೂ ಈ ದಿನಾಂಕವನ್ನೂ ಸೋಸಿ ನೋಡಿ ನಾಲ್ಕು ಜನರಿಗೆ ನೇರ ಕರೆ ಮಾಡಿ. ಗುಂಪಿನಲ್ಲಿ "ಬಿ ನೆಗೆಟಿವ್ ತುರ್ತಾಗಿ ಬೇಕು" ಎಂದು ಹಾಕಿದರೆ ಅದು ಫಾರ್ವರ್ಡ್ ಆಗುತ್ತಲೇ ಹೋಗಿ, ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಕರೆ ಬರುತ್ತಿರುತ್ತದೆ. ಹಾಕಲೇಬೇಕಾದರೆ ದಿನಾಂಕ, ಆಸ್ಪತ್ರೆ, "ಇಂದು ಸಂಜೆ 6ರವರೆಗೆ ಮಾತ್ರ" ಎಂದು ಸೇರಿಸಿ.

ಶಿಬಿರಕ್ಕೆ ಸಮಯ ಹಂಚದಿದ್ದರೆ ಹತ್ತಕ್ಕೆ ಎಲ್ಲರೂ ಬಂದು ಹನ್ನೆರಡಕ್ಕೆ ಅರ್ಧ ಜನ ಬೇಸತ್ತು ಹೋಗುತ್ತಾರೆ. ನಾಲ್ಕು ಮಂಚವಿದ್ದು ಒಂದು ಮಂಚಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಗಂಟೆಗೆ 12 ಜನ. ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಅರವತ್ತು. ಗಂಟೆಗೆ ಹನ್ನೆರಡೇ ಹೆಸರು ಎಂದು ತಡೆಯುವ ಸೌಲಭ್ಯ ಗೂಗಲ್ ಫಾರ್ಮ್‌ನಲ್ಲಿ ತಾನಾಗಿ ಇಲ್ಲ, ಹಾಗಾಗಿ ಕರೆ ಸರಪಳಿಯವರೇ ಹೆಸರು ಕೇಳಿ ಶೀಟ್‌ನಲ್ಲಿ ತುಂಬಲಿ. ಹಿಂದಿನ ರಾತ್ರಿ ಪ್ರತಿಯೊಬ್ಬರಿಗೂ ಅವರ ವೇಳೆ ಮತ್ತು ಎರಡು ಮಾತು: ತಿಂಡಿ ತಿಂದು ಬನ್ನಿ, ನೀರು ಚೆನ್ನಾಗಿ ಕುಡಿಯಿರಿ.

ಬೆಳಗ್ಗೆ ರಕ್ತನಿಧಿಯ ವಾಹನದ ಡ್ರೈವರ್‌ಗೆ ಜಾಗದ ಪಿನ್ ಕಳಿಸಿ, ಅವರಿಂದ ಲೈವ್ ಲೊಕೇಶನ್ ಕೇಳಿ, ಒಂದು ಗಂಟೆಯದ್ದು ಸಾಕು. ಫೋಟೊಗಳನ್ನು ಗುಂಪಿಗೆ ಸುರಿಯುವ ಬದಲು ಗೂಗಲ್ ಫೋಟೋಸ್‌ನಲ್ಲಿ ಒಂದು ಆಲ್ಬಂ ಮಾಡಿ ಲಿಂಕ್ ಕೊಡಿ. ಪತ್ರಿಕೆಗೆ ಕಳಿಸುವ ಎರಡು ಮೂರು ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಸಾಮಾನ್ಯವಾಗಿ ಕಳಿಸಿದರೆ ಗಾತ್ರ ಕುಗ್ಗಿ ಮುದ್ರಣದಲ್ಲಿ ಮಂಜಾಗುತ್ತದೆ. ಗೂಗಲ್‌ನ ಉಚಿತ ಜಾಗ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ. ಕಬಡ್ಡಿ ಪಂದ್ಯದ ಪೂರ್ತಿ ವಿಡಿಯೊ ಹಾಕಿದರೆ ಒಂದೇ ವರ್ಷಕ್ಕೆ ತುಂಬುತ್ತದೆ, ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ವಿಡಿಯೊ ಯೂಟ್ಯೂಬ್‌ಗೆ ಹೋಗಲಿ.

ಜಗಳ, ಸುಳ್ಳು ಸುದ್ದಿ, ಮೋಸದ ಫೈಲು

ಚುನಾವಣೆ ಹತ್ತಿರ ಬಂದರೆ ಮಾತುಕತೆ ಗುಂಪು ಕಾವೇರುತ್ತದೆ. ನಿಯಮ ಮೂರೇ ಇರಲಿ: ಪಕ್ಷ, ಜಾತಿ, ಧರ್ಮದ ಪೋಸ್ಟ್ ಇಲ್ಲ, ಮೂಲ ಗೊತ್ತಿಲ್ಲದ ಫಾರ್ವರ್ಡ್ ಇಲ್ಲ, ಎ.ಪಿ.ಕೆ. (.apk) ಎಂದು ಕೊನೆಯಾಗುವ, ಅಂದರೆ ಒತ್ತಿದರೆ ಆಪ್ ಆಗಿ ಫೋನಿಗೆ ಸೇರುವ ಫೈಲ್ ಇಲ್ಲ. ಮೂರನೆಯದು ಅತಿ ಮುಖ್ಯ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಸರ್ಕಾರದ ಯೋಜನೆ ಎಂಬ ಹೆಸರಿನಲ್ಲಿ ಬರುವ ಇಂಥ ಫೈಲ್ ಒತ್ತಿದರೆ ಫೋನಿನ ಎಸ್ಸೆಮ್ಮೆಸ್, ಓಟಿಪಿ ಎಲ್ಲ ಕಳ್ಳರ ಕೈಗೆ. ಒತ್ತಿದವರು ಮೊದಲು ಡೇಟಾ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರಿಗೂ ಅಳಿಸಬಹುದು. ಮೊದಲು ಅಳಿಸಿ, ಆಮೇಲೆ ಹಾಕಿದವರಿಗೆ ಖಾಸಗಿಯಾಗಿ ಕರೆ ಮಾಡಿ; ಗುಂಪಿನಲ್ಲಿ ಬೈದರೆ ಅವರ ಕಡೆಯವರು ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಸದಸ್ಯರ ಪೋಸ್ಟಿಗೆ ಅಡ್ಮಿನ್ ತಾನಾಗಿ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗೆಂದು ಕಂಡೂ ಸುಮ್ಮನಿರುವುದು ಜಾಣತನವಲ್ಲ, ಠಾಣೆಯಿಂದ ಮೊದಲ ಕರೆ ಬರುವುದು ಅಡ್ಮಿನ್‌ಗೇ.

ಹದಿನೆಂಟರೊಳಗಿನವರು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳೇ, ಅವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಕಾಗದದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಫೈಲ್ ಮಾಡಿ. ಅವರ ಗುಂಪು ಬೇರೆ ಇರಲಿ, ಅದರಲ್ಲಿ ಇಬ್ಬರಿಗಿಂತ ಕಡಿಮೆಯಿಲ್ಲದಂತೆ ದೊಡ್ಡವರು, ಅವರಲ್ಲಿ ಒಬ್ಬರು ಹೆಂಗಸು. ಹೇಳಬೇಕಾದ್ದನ್ನು ಗುಂಪಿನಲ್ಲೇ ಹೇಳಿ. ದೊಡ್ಡವರು ಮಕ್ಕಳಿಗೆ ಖಾಸಗಿ ಸಂದೇಶ ಕಳಿಸುವ ರೂಢಿ ಬೇಡ. ಮಕ್ಕಳ ಫೋಟೊ ಜೊತೆ ಹೆಸರು, ಶಾಲೆ ಎರಡನ್ನೂ ಹಾಕಬೇಡಿ.

ಸಮಿತಿ ಬದಲಾದಾಗ

ಮಹಾಸಭೆಯಲ್ಲಿ ಹೂಹಾರ ಹಾಕುವಷ್ಟೇ ಖಚಿತವಾಗಿ ಈ ಹಸ್ತಾಂತರವೂ ನಡೆಯಲಿ. ಹಳೆಯ, ಹೊಸ ಕಾರ್ಯದರ್ಶಿಗಳು ಅಕ್ಕಪಕ್ಕ ಕೂತು ಒಂದು ಗಂಟೆಯಲ್ಲಿ ಮುಗಿಸಬಹುದು: ಸಿಮ್ ಮತ್ತು ವಾಟ್ಸಾಪ್ ಪಿನ್ ಕೊಡುವುದು, ಜಿಮೇಲ್ ಪಾಸ್‌ವರ್ಡ್ ಬದಲಿಸಿ ಹಳೆಯ ಫೋನುಗಳಿಂದ ಲಾಗೌಟ್ ಮಾಡುವುದು, ಬ್ಯಾಕಪ್ ಕೋಡುಗಳನ್ನು ಹೊಸದಾಗಿ ತೆಗೆದು ಲಕೋಟೆ ಬದಲಿಸುವುದು, ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ನೋಡಿ ಗುರುತಿಲ್ಲದ ಕಂಪ್ಯೂಟರ್ ತೆಗೆಯುವುದು, ಹೊಸಬರನ್ನು ಅಡ್ಮಿನ್ ಮಾಡಿ ಹಳಬರನ್ನು ಸಾಮಾನ್ಯ ಸದಸ್ಯರನ್ನಾಗಿಸುವುದು, ಶೀಟ್‌ಗಳ ಹಕ್ಕು ಬದಲಿಸುವುದು.

ಬ್ಯಾಂಕಿನಲ್ಲಿ ಸಹಿ ಬದಲಿಸಲು ಬೇರೆಯೇ ಠರಾವು ಬೇಕು, ಅದನ್ನು ಮಹಾಸಭೆಯ ದಿನವೇ ಬರೆಯಿಸಿ ಸಹಿ ಮಾಡಿಸಿಕೊಳ್ಳಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಹಳೆಯ ಖಜಾಂಚಿಯ ಸ್ವಂತದ್ದಾಗಿದ್ದರೆ ಅದೇ ಅರ್ಜಿಯಲ್ಲಿ ಸಂಘದ ಸಿಮ್ಮಿಗೆ ಬದಲಿಸಲು ಕೇಳಿ.